ಮೂರು ಕಾರ್ಡ್ ಆದ ಮೇಲೆ

ನಮ್ಮ ಮನೆಯ ಹಜಾರದಲ್ಲಿ ಕ್ಯಾಲೆಂಡರಿಗೆಂದು ಹೊಡೆದ ಮೊಳೆ ಒಂದಿದೆ. ಹೋದ ವರ್ಷ ದಸರಾ ಹೊತ್ತಿಗೆ ಅದರಿಂದ ಕ್ಯಾಲೆಂಡರ್ ಇಳಿಯಿತು, ಮೊಮ್ಮಗಳ ಯುಕುಲೆಲೆ ಏರಿತು. ಏರಿದ್ದು ಮತ್ತೆ ಇಳಿಯಲಿಲ್ಲ.

ಬೇಸಿಗೆ ರಜೆಯಲ್ಲಿ ಅವಳು ಹತ್ತು ದಿನದ ಶಿಬಿರಕ್ಕೆ ಹೋಗಿದ್ದಳು. ಬರುವಾಗ ಮೂರು ಕಾರ್ಡ್ ಕಲಿತು ಬಂದಳು: ಸಿ, ಎಫ್, ಜಿ ಸೆವೆನ್. ಕಾರ್ಡ್ ಅಂದರೆ ಮೂರೋ ನಾಲ್ಕೋ ಸ್ವರಗಳನ್ನು ಒಟ್ಟಿಗೆ ನುಡಿಸುವುದು, ಹಾಡಿಗೆ ಹಿನ್ನೆಲೆಯಾಗಿ. ಒಂದು ತಿಂಗಳು ಮನೆಯೆಲ್ಲ ಅದೇ ನಾದ. ಹುಟ್ಟುಹಬ್ಬದ ಹಾಡಿಗೂ ಅದೇ ಮೂರು, ಸಿನಿಮಾ ಹಾಡಿಗೂ ಅದೇ ಮೂರು, ಅವರಜ್ಜಿಯ ಮಂಗಳಾರತಿಗೂ ಅದೇ ಮೂರು. ಆಮೇಲೆ ಮೊಬೈಲಿನ ವಿಡಿಯೊ ನೋಡಿ ಮುಂದಿನದು ಕಲಿಯಲು ಹೋದಳು. ಅಲ್ಲಿ ಒಬ್ಬರು ತೀರಾ ಮೊದಲಿನಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಬೆರಳಾಡಿಸುತ್ತಾರೆ. ನಡುವಿನವರು ಯಾರೂ ಇಲ್ಲ. ಹೀಗೆ ಯುಕುಲೆಲೆ ಮೊಳೆ ಸೇರಿತು.

ನಾನು ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಬಾಯಿ ಸುಮ್ಮನಿರಲಿಲ್ಲ. ಊಟಕ್ಕೆ ಕೂತಾಗ, "ಎರಡೂವರೆ ಸಾವಿರ ಎನ್‌ಪಿಎ ಆಯ್ತು" ಅಂದುಬಿಟ್ಟೆ. ಎನ್‌ಪಿಎ ಅಂದರೆ ವಸೂಲಾಗದ ಸಾಲ. ಹುಡುಗಿ ಅವರಪ್ಪನ ಹತ್ತಿರ ಅರ್ಥ ಕೇಳಿ ತಿಳಿದುಕೊಂಡಳು. ಅವತ್ತು ರಾತ್ರಿ ಅತ್ತಳಂತೆ. ನನಗೆ ಗೊತ್ತಾದದ್ದು ಮಾರನೆಯ ದಿನ, ನನ್ನಾಕೆಯಿಂದ.

"ಅಟ್ಟದ ಮೇಲಿರೋ ಪೆಟ್ಟಿಗೆ ಯಾರ ಎನ್‌ಪಿಎ?" ಅಂತಲೂ ಕೇಳಿದಳು.

ಅದು ನನ್ನ ಬುಲ್‌ಬುಲ್ ತರಂಗ. 1974ರಲ್ಲಿ ಅಜ್ಜಂಪುರದ ಶಾಖೆಯಲ್ಲಿದ್ದಾಗ ಮೊದಲ ಬೋನಸ್ಸಿನಲ್ಲಿ ಕೊಂಡದ್ದು. ಟೈಪ್‌ರೈಟರಿನಂತೆ ಗುಂಡಿಗಳಿರುವ ತಂತಿವಾದ್ಯ. ಆಗ ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿತ್ತು. ಅದರ ಮೂಲ ಜಪಾನಿನ ತೈಶೋಗೋಟೊ, 1912ರಲ್ಲಿ ನಗೋಯಾದಲ್ಲಿ ಹುಟ್ಟಿದ್ದು. ಜೊತೆಗಿದ್ದ ಕ್ಯಾಷಿಯರ್ ಒಬ್ಬರು ಮೂರು ಹಾಡು ಕಲಿಸಿದರು, ಅವರಿಗೆ ವರ್ಗವಾಯಿತು, ನನ್ನ ಸಂಗೀತವೂ ಅಲ್ಲಿಗೆ ಮುಗಿಯಿತು. ನಾಲ್ಕನೇ ಹಾಡನ್ನು ಹೇಗೆ ಕಲಿಯಬೇಕು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ. ಮೊಮ್ಮಗಳದೂ ಅದೇ ಕತೆ. ನನಗೆ ಅದು ಹೊಳೆಯಲು ಐವತ್ತು ವರ್ಷ ಬೇಕಾಯಿತು.

ಸರಿ, ವಿಚಾರಿಸಲು ಶುರು ಮಾಡಿದೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನನಗೆ ಹಳೆಯ ಗ್ರಾಹಕರಿದ್ದಾರೆ. ಒಂದು ವಾರ ಫೋನ್ ಮಾಡಿದ್ದಕ್ಕೆ ಆರು ಯುಕುಲೆಲೆ ಪತ್ತೆಯಾದವು. ಎಲ್ಲವೂ ಆನ್‌ಲೈನಿನಲ್ಲಿ ತರಿಸಿದವು, ಐದು ಮೊಳೆಯ ಮೇಲೆ, ಒಂದು ಮಂಚದ ಕೆಳಗೆ. ಎಲ್ಲ ಮಕ್ಕಳೂ ಎರಡು ಮೂರು ಕಾರ್ಡ್ ಬಲ್ಲವರೇ. ಹೊಸಬರಿಗೆ ಶಿಬಿರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಏಕೆಂದರೆ ಹತ್ತು ದಿನದಲ್ಲಿ ಮಗು ಒಂದು ಹಾಡು ನುಡಿಸಿಬಿಡುತ್ತದೆ, ಅಪ್ಪ ಅಮ್ಮ ವಿಡಿಯೊ ಮಾಡಿಕೊಳ್ಳುತ್ತಾರೆ, ಎಲ್ಲರಿಗೂ ಖುಷಿ. ಎರಡನೇ ಹಂತದಲ್ಲಿ ವಿಡಿಯೊ ಮಾಡಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಅದಕ್ಕೇ ಶಿಬಿರವೂ ಇಲ್ಲ.

ಬೀರೂರಿನ ಒಬ್ಬ ಹುಡುಗಿ ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ, ಯುಕುಲೆಲೆ ಚೆನ್ನಾಗಿ ನುಡಿಸುತ್ತಾಳೆ. ಕೇಳಿದೆ. "ಭಾನುವಾರ ಬರ್ತೀನಿ ಅಂಕಲ್, ಆದರೆ ಹೊಸಬರನ್ನ ಸೇರಿಸಬೇಡಿ" ಅಂದಳು. ನಮ್ಮ ಮನೆಯ ಜಗಲಿಯಲ್ಲಿ ಚಾಪೆ ಹಾಸಿದೆವು. ಅಜ್ಜಂಪುರದಿಂದಲೂ ತರೀಕೆರೆಯಿಂದಲೂ ರೈಲು ಬಸ್ಸು ಎರಡೂ ಇವೆ. ಮಕ್ಕಳ ಜೊತೆ ಸರದಿಯ ಮೇಲೆ ಒಬ್ಬೊಬ್ಬ ಪೋಷಕರು ಬರುತ್ತಾರೆ. ಏಳನೆಯ ವಿದ್ಯಾರ್ಥಿ ನಾನು. ಎಪ್ಪತ್ತು ದಾಟಿದವನ ಬೆರಳು ನೋಡಿ ಮಕ್ಕಳಿಗೆ ಧೈರ್ಯ ಬರಲಿ ಎಂದು ಸೇರಿಸಿಕೊಂಡರು.

ಈ ಪುಟ್ಟ ವಾದ್ಯದ ಹಿಂದೆ ಒಂದು ಹಡಗಿನ ಕತೆ ಇದೆ. ಪೋರ್ಚುಗಲ್ಲಿಗೆ ಸೇರಿದ ಮಡೈರಾ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನ ಹವಾಯಿಯ ಕಬ್ಬಿನ ತೋಟಗಳ ಕೆಲಸಕ್ಕೆಂದು ಹೊರಟು, 1879ರ ಆಗಸ್ಟಿನಲ್ಲಿ ರಾವೆನ್ಸ್‌ಕ್ರಾಗ್ ಎಂಬ ಹಡಗಿನಲ್ಲಿ ಹೊನೊಲುಲು ತಲುಪಿದರು. ಅವರ ಜೊತೆ ಮಚೇಟ್ ಎಂಬ ಸಣ್ಣ ತಂತಿವಾದ್ಯ ಬಂತು. ಅದೇ ಹಡಗಿನ ಮೂವರು ಬಡಗಿಗಳು ಅಲ್ಲಿನ ಮರದಲ್ಲಿ ಹೊಸದನ್ನು ಮಾಡತೊಡಗಿದರು. ಹವಾಯಿ ದೊರೆ ಕಲಾಕೌವಾ ಅರಮನೆಯಲ್ಲೇ ಅದಕ್ಕೆ ಜಾಗ ಕೊಟ್ಟ. ಯುಕು ಅಂದರೆ ಚಿಗಟ, ಲೆಲೆ ಅಂದರೆ ಜಿಗಿತ. ತಂತಿಯ ಮೇಲೆ ಬೆರಳು ಜಿಗಿಯುವುದು ಹಾಗೆ ಕಂಡಿತೆಂದು ಹೇಳುತ್ತಾರೆ. ನನ್ನ ಬೆರಳು ನೋಡಿದ್ದರೆ ಎಮ್ಮೆಯ ಹೆಸರಿಡುತ್ತಿದ್ದರು.

ಮೊದಲ ಭಾನುವಾರ ಟೀಚರ್ ಯಾರಿಗೂ ಏನೂ ಕಲಿಸಲಿಲ್ಲ. ಆರೂ ವಾದ್ಯಗಳನ್ನು ಒಂದೊಂದಾಗಿ ತೆಗೆದುಕೊಂಡು ಪರೀಕ್ಷೆ ಮಾಡಿದಳು. ಪೋಷಕರು ಇದನ್ನು ಮನೆಯಲ್ಲೇ ಮಾಡಬಹುದು. ಒಂದು ತಂತಿಯನ್ನು ಸುಮ್ಮನೆ ಮೀಟಿ, ಆಮೇಲೆ ಅದೇ ತಂತಿಯನ್ನು ಹನ್ನೆರಡನೇ ಮೆಟ್ಟಿನಲ್ಲಿ ಒತ್ತಿ ಮೀಟಿ. ಎರಡನೆಯದು ಅದೇ ಸ್ವರದ ಮೇಲಿನ ಸ್ಥಾಯಿ ಆಗಿರಬೇಕು. ತಪ್ಪಿದರೆ ವಾದ್ಯದಲ್ಲೋ ತಂತಿಯಲ್ಲೋ ದೋಷ. ಇನ್ನೊಂದು ಪರೀಕ್ಷೆ ತಲೆಯ ಕಡೆ. ಅಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿಗೆ ನಟ್ ಅನ್ನುತ್ತಾರೆ. ಮೂರನೇ ಮೆಟ್ಟಿನ ಮೇಲೆ ತಂತಿ ಒತ್ತಿ ಹಿಡಿದು, ಮೊದಲನೇ ಮೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ಕಾಗದ ತೂರುವಷ್ಟಿದ್ದರೆ ಸರಿ. ಹೆಚ್ಚಿದ್ದರೆ ಮೊದಲ ಮೆಟ್ಟಿನಲ್ಲಿ ಒತ್ತುವುದೇ ಕಷ್ಟ. ಒತ್ತಿದರೂ ಸ್ವರ ಏರಿ ಅಪಸ್ವರ.

ಅಜ್ಜಂಪುರದ ಹುಡುಗನ ಯುಕುಲೆಲೆಯಲ್ಲಿ ಆ ಸಂದಿನಲ್ಲಿ ಪಾಸ್‌ಬುಕ್ಕೇ ತೂರುವಂತಿತ್ತು. ಅವರಪ್ಪ ಈರುಳ್ಳಿ ಬೆಳೆಯುವವರು. ಬೆಲೆ ಸಿಕ್ಕ ವರ್ಷ ಕೊಡಿಸಿದ್ದು. ಹುಡುಗ ಮಾತೇ ಆಡುತ್ತಿರಲಿಲ್ಲ. ಕಾಫಿ ಹೊತ್ತಿಗೆ ನನ್ನ ಪಕ್ಕ ಬಂದು ಕೂತು ಹೇಳಿದ: "ನನ್ನ ಕಿವೀನೇ ಸರಿ ಇಲ್ಲ ಅನ್ಸುತ್ತೆ ತಾತ. ಎಷ್ಟು ಒತ್ತಿದ್ರೂ ಕೆಟ್ಟದಾಗೇ ಬರುತ್ತೆ. ನಮ್ಮನೇಲಿ ಯಾರಿಗೂ ಸಂಗೀತ ಬರಲ್ಲ." ಅಪಸ್ವರ ಅಪಸ್ವರವಾಗಿ ಕೇಳಿಸುತ್ತಿದೆ ಅಂದರೆ ಅವನ ಕಿವಿ ನಮ್ಮೆಲ್ಲರಿಗಿಂತ ಚೆನ್ನಾಗಿದೆ ಎಂದು ಟೀಚರ್ ಹೇಳಿದಳು. ಅವನು ನಂಬಲಿಲ್ಲ. ವಾದ್ಯವನ್ನು ನಾನೇ ಇಟ್ಟುಕೊಂಡೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಭಾನುವಾರದ ಪಾಠಕ್ಕೆ ನಾವು ಬೀರೂರು ಜಂಕ್ಷನ್ ಎಂದು ಹೆಸರಿಟ್ಟೆವು. ಕಡೂರು ಕಡೆಯಿಂದ ಹೋಗುವ ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ, ಒಂದು ತರೀಕೆರೆ ಶಿವಮೊಗ್ಗಕ್ಕೆ, ಒಂದು ಅಜ್ಜಂಪುರ ಚಿಕ್ಕಜಾಜೂರಿಗೆ. ಎಲ್ಲಿಗೆ ಹೋಗುವುದಾದರೂ ಬೀರೂರಿನ ತನಕ ದಾರಿ ಒಂದೇ. ಮಕ್ಕಳು ಕಾರ್ಡ್ ಬದಲಿಸುವಾಗ ಮಾಡುವ ತಪ್ಪು ಏನೆಂದರೆ, ಎಲ್ಲ ಬೆರಳನ್ನೂ ಎತ್ತಿ ಮತ್ತೆ ಹೊಸದಾಗಿ ಇಡುವುದು. ಕಡೂರಿಗೆ ವಾಪಸು ಬಂದು ಬೇರೆ ರೈಲು ಹತ್ತಿದ ಹಾಗೆ. ಯಾವ ಬೆರಳು ಅಲ್ಲೇ ಇರಬಹುದು ಎಂದು ಮೊದಲು ಹುಡುಕಬೇಕು.

ವಾದ್ಯ ಇರುವವರು ಕೈಯಲ್ಲಿ ಹಿಡಿದುಕೊಂಡೇ ಓದಿ. ಗದ್ದದ ಕಡೆಗಿರುವುದು ನಾಲ್ಕನೇ ತಂತಿ, ನೆಲದ ಕಡೆಗಿರುವುದು ಒಂದನೇ ತಂತಿ. ಎರಡು ಮೆಟ್ಟುಗಳ ನಡುವಿನ ಜಾಗಕ್ಕೆ ನಮ್ಮ ಮಕ್ಕಳು ಮನೆ ಅನ್ನುತ್ತಾರೆ. ನಾಲ್ಕನೇ ತಂತಿಯ ಎರಡನೇ ಮನೆಯಲ್ಲಿ ನಡುಬೆರಳು ಇಟ್ಟರೆ ಎ ಮೈನರ್, ಅಷ್ಟೇ. ಅದನ್ನು ಎತ್ತದೆ ಎರಡನೇ ತಂತಿಯ ಮೊದಲ ಮನೆಯಲ್ಲಿ ತೋರುಬೆರಳು ಇಟ್ಟರೆ ಎಫ್. ಎರಡನ್ನೂ ಎತ್ತದೆ ಮೂರನೇ ತಂತಿಯ ಎರಡನೇ ಮನೆಗೆ ಉಂಗುರಬೆರಳು ಸೇರಿಸಿದರೆ ಡಿ ಮೈನರ್. ಒಂದೊಂದೇ ಬೋಗಿ ಸೇರಿಸಿದ ಹಾಗೆ. ಈಗ ಎಫ್‌ನಿಂದ ಜಿ ಸೆವೆನ್‌ಗೆ ಹೋಗೋಣ. ತೋರುಬೆರಳು ಕದಲಬಾರದು, ಅದೇ ಬೀರೂರು. ನಡುಬೆರಳು ನಾಲ್ಕನೇ ತಂತಿಯಿಂದ ಪಕ್ಕದ ಮೂರನೆಯದಕ್ಕೆ ಇಳಿಯುತ್ತದೆ, ಮನೆ ಅದೇ ಎರಡು. ಉಂಗುರಬೆರಳು ಒಂದನೇ ತಂತಿಯ ಎರಡನೇ ಮನೆಗೆ. ಅಲ್ಲಿಂದ ಸಿ ಬೇಕೆಂದರೆ ಉಂಗುರಬೆರಳು ಅದೇ ತಂತಿಯ ಮೇಲೆ ಒಂದು ಮನೆ ಮುಂದಕ್ಕೆ ಜಾರಿ ಮೂರಕ್ಕೆ ಬರುತ್ತದೆ, ಉಳಿದೆರಡು ಬೆರಳು ಏಳುತ್ತವೆ. ಮೊಮ್ಮಗಳು ಬೇಸಿಗೆಯಿಂದ ಇದೇ ಕಾರ್ಡುಗಳನ್ನು ನುಡಿಸುತ್ತಿದ್ದಳು. ಬೆರಳನ್ನು ಅಲ್ಲೇ ಬಿಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. "ಇಷ್ಟೇನಾ!" ಅಂದಳು. ಆರು ತಿಂಗಳಾದ ಮೇಲೆ ಅವಳ ಬಾಯಲ್ಲಿ ಯುಕುಲೆಲೆ ಬಗ್ಗೆ ಬಂದ ಮೊದಲ ಮಾತು ಅದು.

ಇನ್ನು ಲೆಕ್ಕದ ಪುಸ್ತಕ. ಇದು ನನ್ನ ಕೊಡುಗೆ, ಬಿ.ಕಾಂ. ಓದಿದ್ದಕ್ಕೆ ಇಷ್ಟಾದರೂ ಬೇಡವೇ. ಎರಡು ಕಾರ್ಡ್ ಆರಿಸಿಕೊಳ್ಳಬೇಕು, ಗಡಿಯಾರ ನೋಡಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಅದಲುಬದಲು ಮಾಡಿದೆವು ಎಂದು ಎಣಿಸಿ ತಾರೀಖು ಹಾಕಿ ಬರೆಯಬೇಕು. ಎಲ್ಲ ತಂತಿಯೂ ಸ್ಪಷ್ಟ ನುಡಿದರೆ ಮಾತ್ರ ಲೆಕ್ಕ. ಮೊಮ್ಮಗಳದು ಮೊದಲ ದಿನ 11, ಮೂರು ವಾರಕ್ಕೆ 34. ನನ್ನದು 4ರಿಂದ 9ಕ್ಕೆ ಏರಿದೆ. ಬಡ್ಡಿ ಕಡಿಮೆ, ಆದರೂ ಅಸಲು ಹೋಗಿಲ್ಲ. ಮಕ್ಕಳಿಗೆ ಇನ್ನೊಂದು ಅಭ್ಯಾಸ ಇದೆ. ಹಾಡಿನಲ್ಲಿ ಎಲ್ಲಿ ತಪ್ಪಿದರೂ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಮೊದಲ ಸಾಲು ನೂರು ಸಲ ಆಗುತ್ತದೆ, ಎಡವುವ ಜಾಗ ಹಾಗೇ ಉಳಿಯುತ್ತದೆ. ಸಂಜೆ ಕ್ಯಾಷ್ ಟ್ಯಾಲಿ ಆಗದಿದ್ದರೆ ನಾವು ವರ್ಷದ ಲೆಕ್ಕ ತೆಗೆಯುತ್ತಿರಲಿಲ್ಲ, ತಪ್ಪಿದ ಆ ಒಂದು ವೋಚರನ್ನು ಹುಡುಕುತ್ತಿದ್ದೆವು. ಎಡವುವ ಕಾರ್ಡನ್ನೂ ಅದರ ಹಿಂದಿನದನ್ನೂ ಮಾತ್ರ ತೆಗೆದುಕೊಂಡು ಇಪ್ಪತ್ತು ಸಲ ಮಾಡಿದರೆ ಸಾಕು.

ಪಕ್ಕದ ಮನೆಯ ಹಿರಿಯರೊಬ್ಬರು ಜಗಲಿಗೆ ಬಂದು, "ನಮ್ಮ ಸಂಗೀತ ಬಿಟ್ಟು ಹವಾಯಿಯದ್ದು ಯಾಕ್ರೀ?" ಅಂದರು. ನಾನು ಪಿಟೀಲಿನ ಹೆಸರು ತೆಗೆದೆ. ಅದೂ ಹೊರಗಿನಿಂದ ಬಂದದ್ದೇ. ನಮ್ಮ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ನುಡಿಸಿದರು. ಸ್ಯಾಕ್ಸೊಫೋನನ್ನು ಕದ್ರಿ ಗೋಪಾಲನಾಥರು ಕಛೇರಿಗೆ ತಂದರು, ಮ್ಯಾಂಡೊಲಿನ್ ಯು. ಶ್ರೀನಿವಾಸ್ ಕೈಯಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಹಿರಿಯರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಒಳಗಿನಿಂದ ನನ್ನಾಕೆ ಬಂದಳು. ಅವಳು ವೀಣೆಯಲ್ಲಿ ಜೂನಿಯರ್ ಮುಗಿಸಿದವಳು. "ಇಲ್ಲಿ ಕೊಡೇ" ಎಂದು ಮೊಮ್ಮಗಳ ಕೈಯಿಂದ ಯುಕುಲೆಲೆ ತೆಗೆದುಕೊಂಡು, ಒಂದೂ ಬೆರಳು ಒತ್ತದೆ ನಾಲ್ಕು ತಂತಿಯನ್ನೂ ಒಂದೊಂದಾಗಿ ಮೀಟಿದಳು. "ಮೂರನೇ ತಂತೀನ ಸ ಅಂದ್ಕೊಳ್ಳಿ. ಇದು ಪ, ಇದು ಸ, ಇದು ಗ, ಇದು ದ. ರಿ ಒಂದು ಸೇರಿಸಿದ್ರೆ ಮೋಹನ ರಾಗ ಇಲ್ಲೇ ಕೂತಿದೆ!"

ಟೀಚರಿಗೇ ಆಶ್ಚರ್ಯ. ನೋಡಿದರೆ ನಿಜ. ಮೂರನೇ ತಂತಿ ಖಾಲಿ ಬಿಟ್ಟರೆ ಸ, ಅದರ ಎರಡನೇ ಮನೆ ರಿ. ಎರಡನೇ ತಂತಿ ಖಾಲಿ ಗ, ಮೂರನೇ ಮನೆ ಪ. ಒಂದನೇ ತಂತಿ ಖಾಲಿ ದ, ಮೂರನೇ ಮನೆ ಮೇಲಿನ ಸ. ಮೂರೇ ಜಾಗದಲ್ಲಿ ಬೆರಳಿಟ್ಟರೆ ಆರೋಹಣ ಮುಗಿಯಿತು. ಹಾಗೆಯೇ ಸರಳೆ ವರಸೆಯ ಮಾಯಾಮಾಳವಗೌಳವೂ ಸಿಗುತ್ತದೆ: ಮೂರನೇ ತಂತಿಯಲ್ಲಿ ಖಾಲಿ ಮತ್ತು ಒಂದನೇ ಮನೆ, ಎರಡನೇ ತಂತಿಯಲ್ಲಿ ಖಾಲಿ, ಒಂದು, ಮೂರು, ನಾಲ್ಕು, ಒಂದನೇ ತಂತಿಯಲ್ಲಿ ಎರಡು ಮತ್ತು ಮೂರು. ಎಂಟು ಸ್ವರ, ಎಂಟು ಜಾಗ.

ಅವತ್ತಿನಿಂದ ತರಗತಿಯ ಅರ್ಧ ಹೊತ್ತು ಅವಳದ್ದು. ಕಾರ್ಡ್ ಗೊತ್ತು, ಆದರೆ ಹಾಡಿನ ಸ್ವರ ನುಡಿಸಲು ಬಾರದು ಎನ್ನುವುದೇ ಈ ಮಕ್ಕಳ ದೊಡ್ಡ ಕೊರತೆಯಾಗಿತ್ತು. ಅದಕ್ಕೆ ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಕ್ರಮವೇ ಇದೆಯಲ್ಲ: ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಮೊದಲ ಪಾಠ ಮುಗಿಸಿದವರು ನಡುನೀರಿನಲ್ಲಿ ನಿಲ್ಲಬಾರದೆಂದೇ ಮಾಡಿದ ಮೆಟ್ಟಿಲುಗಳು. ಜಂಟಿ ವರಸೆಯಲ್ಲಿ ಪ್ರತಿ ಸ್ವರ ಎರಡು ಸಲ ಬರುತ್ತದೆ. ಮೊದಲನೆಯದಕ್ಕೆ ಬೆರಳು ಕೆಳಗೆ, ಎರಡನೆಯದಕ್ಕೆ ಮೇಲೆ ಎಂದು ಟೀಚರ್ ಸೇರಿಸಿದಳು. ಒಂದೇ ಅಭ್ಯಾಸದಲ್ಲಿ ಎಡಗೈ ಬಲಗೈ ಎರಡೂ ಪಳಗುತ್ತವೆ. ಮಿತಿಯೂ ಇದೆ, ಮುಚ್ಚಿಡಬಾರದು. ನಾಲ್ಕನೇ ತಂತಿಯೂ ಎತ್ತರದ ಸ್ವರಕ್ಕೇ ಶ್ರುತಿಯಾಗುವುದರಿಂದ ಸ ಕೆಳಗಿನ ಮಂದ್ರ ಇಲ್ಲ. ನಾದ ಬೇಗ ಆರಿಹೋಗುವುದರಿಂದ ವೀಣೆಯ ಹಾಗೆ ಎಳೆದು ಗಮಕ ನುಡಿಸಲಾಗದು. "ಕಛೇರಿ ಮಾಡೋಕ್ಕಲ್ಲ, ಕೈ ಕೂರೋಕ್ಕೆ" ಅನ್ನುತ್ತಾಳೆ ನನ್ನಾಕೆ.

ತಾಳದ ಪಾಠಕ್ಕೆ ತರೀಕೆರೆಯ ಹುಡುಗಿ ಒದಗಿದಳು. ಅವರೂರ ಕೆರೆ ಏರಿಯ ಮೇಲಿನ ಕರೀ ಕುರಿಮರಿಗಳ ಮಾತು, ಬೇಗ ಬೇಗ ಹೇಳಿ ನಾಲಿಗೆ ತೊಡರಿಸಿಕೊಳ್ಳುವ ಆಟ, ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮೊದಲು ಎತ್ತಿನಗಾಡಿಯ ವೇಗದಲ್ಲಿ ಹೇಳುತ್ತಾ ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಮೀಟುವುದು, ಆಮೇಲೆ ಬಸ್ಸು, ಆಮೇಲೆ ರೈಲು. ನಾಲಿಗೆ ತೊಡರಿದ ಕಡೆಯೇ ಕೈಯೂ ತೊಡರುತ್ತಿತ್ತು, ಎಲ್ಲರೂ ನಕ್ಕು ಮತ್ತೆ ಗಾಡಿಗೆ ಇಳಿಯುತ್ತಿದ್ದರು. ವಿಡಿಯೊಗಳಲ್ಲಿ ಹೆಚ್ಚಾಗಿ ಕಲಿಸುವುದು ನಾಲ್ಕು ಎಣಿಕೆಯ ಮೀಟು. ನಮ್ಮ ಭಾವಗೀತೆಗಳು ಎಷ್ಟೋ ಸಲ ಆರು ಎಣಿಕೆಯಲ್ಲಿ ಓಡುತ್ತವೆ. ನಾಲ್ಕರ ಮೀಟಿನಲ್ಲಿ ಹಾಡಿದರೆ ಕುಂಟುತ್ತವೆ. ಒಂದು ಜೋರು, ಎರಡು ಮೆಲ್ಲಗೆ, ಮತ್ತೆ ಒಂದು ಜೋರು, ಎರಡು ಮೆಲ್ಲಗೆ. ಇಷ್ಟು ಬಂದ ಮೇಲೆ ಮಕ್ಕಳಿಗೆ ತಮ್ಮ ಶಾಲೆಯ ಹಾಡುಗಳೆಲ್ಲ ಹತ್ತಿರವಾದವು. ಹಾಡು ತೀರಾ ಕೆಳಗಾಯಿತೆಂದು ಗಂಟಲು ಹಿಡಿಯುವವರಿಗೆ ಸಿ ಬಿಟ್ಟು ಜಿ ಶ್ರುತಿಗೆ ಏರಿಸಿದೆವು. ಅದಕ್ಕೆ ಬೇಕಾದದ್ದು ಜಿ, ಸಿ, ಡಿ ಸೆವೆನ್. ಡಿ ಸೆವೆನ್ ಹೆದರಿಸುವಂಥದ್ದಲ್ಲ, ನಾಲ್ಕನೇ ಮತ್ತು ಎರಡನೇ ತಂತಿಗಳ ಎರಡನೇ ಮನೆ, ಎರಡೇ ಬೆರಳು.

ಮಕ್ಕಳಿಗೆ ಹಾಡುವುದು, ಸ್ವರ ನುಡಿಸುವುದು, ಬರೆದದ್ದನ್ನು ಓದುವುದು ಎಲ್ಲವನ್ನೂ ಈ ಒಂದೇ ವಾದ್ಯದಲ್ಲಿ ಕಲಿಸಬಹುದೆಂದು ಕೆನಡಾದ ಹ್ಯಾಲಿಫ್ಯಾಕ್ಸ್ ಶಾಲೆಗಳಲ್ಲಿ 1960ರ ದಶಕದ ಕೊನೆಯಲ್ಲೇ ಮಾಡಿ ತೋರಿಸಿದವರು ಜೆ. ಚಾಮರ್ಸ್ ಡೋನ್ ಎಂಬ ಮೇಷ್ಟರು. ಶಾಲಾ ಮಕ್ಕಳಿಗೆಂದು ತ್ರಿಕೋನಾಕಾರದ ಯುಕುಲೆಲೆಯನ್ನೂ ಅವರು ರೂಪಿಸಿದರು. ಟೀಚರ್ ಅದರ ಚಿತ್ರ ತೋರಿಸಿದಾಗ ನಮ್ಮ ಮಕ್ಕಳು "ಸಮೋಸ" ಅಂದರು.

ಈಗ ಅಜ್ಜಂಪುರದ ಹುಡುಗನ ವಿಷಯ. ನಟ್ಟಿನ ಗೀರುಗಳನ್ನು ಕೂದಲೆಳೆಯಷ್ಟು ಆಳ ಮಾಡಬೇಕಿತ್ತು. ಹೆಚ್ಚಾದರೆ ತಂತಿ ಮೆಟ್ಟಿಗೆ ತಾಗಿ ಗುಂಯ್‌ಗುಟ್ಟುತ್ತದೆ, ಮತ್ತೆ ತುಂಬಿಸಲಾಗದು. ಅಷ್ಟು ಸೂಕ್ಷ್ಮದ ಅರ ಯಾರ ಹತ್ತಿರ ಇದೆ? ತರೀಕೆರೆ ಶಾಖೆಯಲ್ಲಿದ್ದಾಗ ಚಿನ್ನದ ಸಾಲಕ್ಕೆ ಒಡವೆ ಪರೀಕ್ಷೆ ಮಾಡಿಕೊಡುತ್ತಿದ್ದ ಅಕ್ಕಸಾಲಿಗರು ನೆನಪಾದರು. ವಾದ್ಯ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅವರು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ನೋಡಿ, "ಏನ್ ಬ್ಯಾಂಕ್ ಸಾರ್, ಇದನ್ನ ಅಡ ಇಡಕ್ಕೆ ಬಂದ್ರಾ?" ಅಂದರು. ಒಂದು ಸಲ ಅರ ಎಳೆಯುವುದು, ಒಂದು ಸಲ ಮೀಟಿ ನೋಡುವುದು, ಹೀಗೆ ಮುಕ್ಕಾಲು ಗಂಟೆ. ಕೂಲಿ ಕೊಡಲು ಹೋದರೆ ಕೈ ಅಡ್ಡ ಮಾಡಿದರು.

ಮುಂದಿನ ಭಾನುವಾರ ಹುಡುಗ ಎಫ್ ಹಿಡಿದ. ಮೀಟಿದ. ಒಂದು ಕ್ಷಣ ಸುಮ್ಮನಿದ್ದ. ಮತ್ತೆ ಮೀಟಿದ. ಅದೇ ಒಂದು ಕಾರ್ಡನ್ನು ಎಷ್ಟು ಹೊತ್ತು ನುಡಿಸಿದನೆಂದರೆ ಟೀಚರ್ ಪಾಠ ನಿಲ್ಲಿಸಿ ಕಾದಳು. ಕರೆದುಕೊಂಡು ಹೋಗಲು ಬಂದ ಅವರಪ್ಪನಿಗೆ ಅವನು ಹೇಳಿದ್ದು ನನಗೂ ಕೇಳಿಸಿತು: "ಅಪ್ಪಾ, ನನ್ನ ಕಿವಿ ಸರಿ ಇದೆ."

ನಾನು ಆಡಿದ ಮಾತಿನ ಲೆಕ್ಕವೂ ಚುಕ್ತಾ ಆಗಬೇಕಿತ್ತು. ಮೊಮ್ಮಗಳ ಮುಂದೆ ಕೂತು, "ಅವತ್ತು ಹಾಗೆ ಅನ್ನಬಾರದಿತ್ತು ಕಣೇ" ಅಂದೆ. ಅವಳು ಲೆಕ್ಕದ ಪುಸ್ತಕ ತಂದು, "ಬರೆದುಕೊಡು ತಾತ" ಅಂದಳು. ಎನ್‌ಪಿಎ ರದ್ದು ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿದೆ. ಅವಳು ಸಹಿಯನ್ನು ಪರೀಕ್ಷಿಸಿ ಒಳಗಿಟ್ಟುಕೊಂಡಳು.

ಮೊಳೆಯ ಮೇಲೆ ಮತ್ತೆ ಕ್ಯಾಲೆಂಡರ್ ಬಂದಿದೆ. ಈ ಭಾನುವಾರ ಬಿ ಫ್ಲಾಟ್ ಇದೆ. ತೋರುಬೆರಳನ್ನು ಮಲಗಿಸಿ ಒಂದನೇ ಎರಡನೇ ತಂತಿಗಳನ್ನು ಮೊದಲ ಮನೆಯಲ್ಲಿ ಒಟ್ಟಿಗೆ ಒತ್ತಬೇಕು, ನಡುಬೆರಳು ಮೂರನೇ ತಂತಿಯ ಎರಡಕ್ಕೆ, ಉಂಗುರಬೆರಳು ನಾಲ್ಕನೆಯದರ ಮೂರಕ್ಕೆ. ಮಕ್ಕಳಲ್ಲಿ ಇಬ್ಬರಿಗೆ ಆಗಲೇ ಬರುತ್ತದೆ. ನನ್ನ ತೋರುಬೆರಳು ಎಪ್ಪತ್ತು ವರ್ಷದಿಂದ ನೆಟ್ಟಗೇ ನಿಂತದ್ದು, ಮಲಗು ಅಂದರೆ ಕೇಳುತ್ತಿಲ್ಲ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಬಾಗಿಲು ಹಾಕಿಕೊಂಡು, ಅದರ ಜೊತೆ ಮಾತುಕತೆ ನಡೆಸುತ್ತಿದ್ದೇನೆ.